ಹನ್ನೊಂದು ಸೀಸದ ಗುಂಡು, ಮೂರು ಗೀರು

ನೆಲದಡಿ ಏನೂ ಇಲ್ಲ ಎಂದು ಬರೆದು ಸಹಿ ಹಾಕುವುದು ನನ್ನ ಉದ್ಯೋಗ. ಊರಿನಲ್ಲಿ ಇದನ್ನು ಹೀಗೆ ಹೇಳಿದರೆ ಹೆಣ್ಣು ಕೊಡುತ್ತಿರಲಿಲ್ಲ. ಹಾಗಾಗಿ ಅಲ್ಲಿ ‘ಸರ್ವೆ’ ಎಂದು ಹೇಳಿಕೊಂಡು ಬಂದಿದ್ದೇನೆ. ಯಾರಾದರೂ ಪೈಪಿಗೋ ಕೇಬಲಿಗೋ ನೆಲ ಅಗೆಯುವ ಮೊದಲು ನಾವು ಯಂತ್ರ ಹಿಡಿದು ಹೋಗಬೇಕು. ಹುಗಿದ ಕೇಬಲ್ ಇದ್ದಲ್ಲಿ ಕೆಂಪು ಬಾವುಟ, ಏನೆಂದು ತಿಳಿಯದ ಲೋಹ ಇದ್ದಲ್ಲಿ ಹಳದಿ ಬಾವುಟ ಊರಿ, ಉಳಿದ ಜಾಗದಲ್ಲಿ ಏನೂ ಇಲ್ಲವೆಂದು ಬರೆದುಕೊಟ್ಟು ಬರಬೇಕು. ಮೂವತ್ತು ವರ್ಷದಿಂದ ನಾನು ಬರೆದ ‘ಇಲ್ಲ’ಗಳ ಮೇಲೆ ಈ ದೇಶದ ಎಷ್ಟೋ ಕಟ್ಟಡಗಳು ನಿಂತಿವೆ. ಅವು ಇನ್ನೂ ನಿಂತಿರುವುದರಿಂದ ನನ್ನ ಮಾತಿಗೆ ಒಂದು ತೂಕವಿದೆ ಎಂದು ನಾನೇ ನಂಬಿದ್ದೆ.

ಆ ಕೆಲಸ ಬಂದದ್ದು ಅಬುಧಾಬಿ ಕಡೆಯ ಸಮುದ್ರ ದಂಡೆಯಲ್ಲಿ, ಒಂದು ಪಾಳುಬಿದ್ದ ಹಳೆಯ ಮೀನುಗಾರರ ನೆಲೆಯ ಪಕ್ಕ. ರಾಸ್ ಅಲ್ ಖೋರ್‌ನ ನಮ್ಮ ಯಾರ್ಡಿನಿಂದ ಬೆಳಿಗ್ಗೆ ಪಿಕಪ್ ಹೊರಟರೆ ಒಂದೂವರೆ ಗಂಟೆಯ ದಾರಿ. ಓಡಿಸುವವರು ಹನ್ನೆರಡು ವರ್ಷದಿಂದ ಒಬ್ಬರೇ: ಉಳ್ಳಾಲದ ಕಡೆಯ ಬ್ಯಾರಿ, ಐವತ್ತು ದಾಟಿದ ಮನುಷ್ಯ. ನಾನು ಪ್ರತಿಯೊಂದನ್ನೂ ಎರಡು ಸಲ ಅಳೆಯುವವನಾದ್ದರಿಂದ ನನ್ನನ್ನು ‘ಮಾಷ್ಟ್ರೇ’ ಎನ್ನುತ್ತಾರೆ. ನಾನು ಅವರನ್ನು ‘ಬ್ಯಾರಿಗಳೇ’ ಎನ್ನುತ್ತೇನೆ. ಒಂದೇ ಡಬ್ಬಿಯ ನೀರು ಕುಡಿದು ಹನ್ನೆರಡು ವರ್ಷವಾದರೂ ಈ ಬಹುವಚನವನ್ನು ಇಬ್ಬರೂ ಬಿಟ್ಟುಕೊಟ್ಟಿಲ್ಲ.

ಸೋಮವಾರ ಜಾಗವನ್ನು ಎರಡೆರಡು ಮೀಟರಿನ ಪಟ್ಟಿಗಳಾಗಿ ಹುರಿ ಕಟ್ಟಿ ವಿಂಗಡಿಸಿಕೊಂಡು ಡಿಟೆಕ್ಟರ್ ಬೀಸತೊಡಗಿದೆ. ಈ ಯಂತ್ರಕ್ಕೆ ಮೊಳೆ ಸಿಕ್ಕಿದರೆ ಒಡಕು ದನಿಯಲ್ಲಿ ಅರಚುತ್ತದೆ, ತಂಪು ಪಾನೀಯದ ಡಬ್ಬಿ ಸಿಕ್ಕಿದರೆ ನಿಧಿ ಸಿಕ್ಕಿದ ಹಾಗೆ ಹಾಡುತ್ತದೆ. ನಾಲ್ಕನೆಯ ಪಟ್ಟಿಯಲ್ಲಿ ಅದು ಎರಡೂ ಅಲ್ಲದ, ದುಂಡಗಿನ, ಗಂಭೀರವಾದ ಒಂದು ಸ್ವರ ಕೊಟ್ಟಿತು. ಒಂದು ಗೇಣು ಮರಳು ಸರಿಸಿದಾಗ ಸಿಕ್ಕಿದ್ದು ಕಿರುಬೆರಳ ತುದಿಯಷ್ಟು ದಪ್ಪದ, ಬಿಳಿ ಬೂದಿ ಹಿಡಿದ ಸೀಸದ ತುಂಡು. ಬಂದೂಕಿನ ಗುಂಡು. ಅದರ ಪಕ್ಕದಲ್ಲಿ ಇನ್ನೊಂದು. ಎರಡನ್ನೂ ಯಾರೋ ಚೂರಿಯಿಂದ ಕೆತ್ತಿದ್ದರು: ಸುತ್ತ ಮೂರು ಗೀರು, ತುದಿಯ ಬಳಿ ಓರೆಯಾಗಿ ಕೊರೆದ ಒಂದು ತೂತು.

ಇಂಥದ್ದು ಸಿಕ್ಕಿದಾಗ ಮಾಡಬೇಕಾದ್ದೆಲ್ಲ ಒಂದು ಹಾಳೆಯಲ್ಲಿ ಬರೆದು ಪಿಕಪ್ಪಿನ ಗಾಜಿಗೆ ಅಂಟಿಸಿದೆ. ಕೆಲಸ ನಿಲ್ಲಿಸಬೇಕು, ಮುಟ್ಟಬಾರದು, ಸುತ್ತ ಟೇಪು ಎಳೆಯಬೇಕು, ಮೇಲಿನವರಿಗೆ ತಿಳಿಸಬೇಕು. ಮುಟ್ಟಿ ಆಗಿತ್ತು. ಉಳಿದದ್ದನ್ನೆಲ್ಲ ಅನುಕ್ರಮವಾಗಿ, ವಿಧಿವತ್ತಾಗಿ ಮಾಡಿದೆ. ಪೊಲೀಸರು ಬಂದು, ಮದ್ದಿಲ್ಲದ ಬರಿಯ ಸೀಸ, ಅಪಾಯವಿಲ್ಲ ಎಂದು ಬರೆದುಕೊಟ್ಟು ಹೋದರು. ಮಾರನೆಯ ದಿನ ಪುರಾತತ್ವದ ಮೇಡಂ ಬಂದರು. ಈ ದೇಶದವರೇ; ನನ್ನ ಮಗಳ ವಯಸ್ಸು; ಅಬಾಯದ ಕೆಳಗೆ ಉಕ್ಕಿನ ಮೂತಿಯ ಬೂಟು. ಯಂತ್ರವೂ ಹುರಿಯೂ ನಿಮ್ಮ ಬಳಿ ಇದ್ದೇ ಇವೆ, ನನ್ನ ಕಣ್ಣೆದುರಿಗೇ ಉಳಿದ ಪಟ್ಟಿಗಳನ್ನೂ ಮುಗಿಸಿಕೊಡಿ, ದಾಖಲೆ ಪುಸ್ತಕವನ್ನೂ ನೀವೇ ಬರೆಯಿರಿ ಎಂದರು. ಫೋಟೋ ತೆಗೆಯಬಾರದು, ಸಿಕ್ಕಿದ್ದರಲ್ಲಿ ಒಂದು ಚೂರೂ ಈ ಜಾಗದಿಂದ ಹೊರಗೆ ಹೋಗಬಾರದು, ಬ್ರಷ್‌ನಿಂದ ತಿಕ್ಕಬಾರದು. ಆ ಬಿಳಿ ಬೂದಿಯೇ ಅದರ ವಯಸ್ಸು. ಅಳೆಯಲು ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಕೊಟ್ಟರು, ಕಬ್ಬಿಣದ್ದು ಸೀಸವನ್ನು ಗೀರುತ್ತದಂತೆ. ಎರಡು ಸಲ ಅಳೆಯುವವನನ್ನು ಗೌರವಿಸುವ ಒಬ್ಬ ಅಧಿಕಾರಿಯನ್ನು ಕೊನೆಗೂ ಕಂಡೆನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಎಂಟು ಗುಂಡು ಸಿಕ್ಕಿದ್ದವು. ಎಲ್ಲಕ್ಕೂ ಅದೇ ಮೂರು ಗೀರು, ಅದೇ ಓರೆ ತೂತು. ತಟ್ಟೆಯಲ್ಲಿ ಸಾಲಾಗಿ ಇಟ್ಟು ನೋಡುತ್ತಿದ್ದಾಗ ನನಗೆ ಒಮ್ಮೆಲೇ ಹೊಳೆಯಿತು: ಇದನ್ನು ನಾನು ದಿನಾ ನೋಡುತ್ತೇನೆ.

ನಮ್ಮ ಡ್ರೈವರರ ಕೀಗೊಂಚಲಿನಲ್ಲಿ ಸೀಸದ ಒಂದು ತುಂಡು ನೇತಾಡುತ್ತಿರುತ್ತದೆ. ಅವರ ತಂದೆಯದ್ದು. ತಂದೆ ಗಾಳ ಹಾಕಿ ಮೀನು ಹಿಡಿಯುತ್ತಿದ್ದವರು, ಗಾಳದ ಹುರಿಗೆ ಕಟ್ಟುವ ತೂಕವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಇವರಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ, ಪಾಸ್‌ಪೋರ್ಟೂ ಇಲ್ಲ ವೀಸಾವೂ ಇಲ್ಲದೆ ಜನ ಬೊಂಬಾಯಿಯಿಂದ ಗಲ್ಫಿಗೆ ಲಾಂಚ್ ಹತ್ತುತ್ತಿದ್ದ ಕಾಲದಲ್ಲಿ, ಅವರೂ ಹತ್ತಿದರು. ಲಾಂಚಿನವರು ಈ ದೇಶದ ದಡದಿಂದ ದೂರದಲ್ಲೇ ಎಲ್ಲರನ್ನೂ ನೀರಿಗಿಳಿಸಿದರು. ಇವರ ತಂದೆ ಇಳಿದದ್ದನ್ನು ನೋಡಿದವರಿದ್ದರು. ದಡ ಹತ್ತಿದ್ದನ್ನು ನೋಡಿದವರು ಇರಲಿಲ್ಲ.

ಅಂದಿನಿಂದ ಇವರ ಉಮ್ಮ ಕಾಯುತ್ತಿದ್ದರು. ಈಗ ಎಂಬತ್ತು ದಾಟಿದೆ. ಇಷ್ಟು ವರ್ಷವಾಯಿತು, ಇನ್ನಾದರೂ ಮಸೀದಿಯಲ್ಲಿ ಅವರ ಹೆಸರಿನಲ್ಲಿ ಸತ್ತವರಿಗಾಗಿ ಮಾಡುವ ಮಯ್ಯಿತ್ ನಮಾಝ್ ಮಾಡಿಸೋಣ ಎಂದು ಉಸ್ತಾದರೇ ಎಷ್ಟೋ ಸಲ ಹೇಳಿದ್ದರಂತೆ. ಉಮ್ಮ ಒಪ್ಪಿರಲಿಲ್ಲ. ಸತ್ತದ್ದನ್ನು ಯಾರು ನೋಡಿದ್ದಾರೆ ಎಂಬುದೊಂದೇ ಅವರ ಪ್ರಶ್ನೆ. ನಮಾಝ್ ಇಲ್ಲ, ವಿಧವೆಯಾಗಿ ಮೂಲೆಯಲ್ಲಿ ಕೂರುವ ಇದ್ದತ್ ಇಲ್ಲ, ಕಿವಿಯ ಓಲೆ ತೆಗೆದದ್ದೂ ಇಲ್ಲ. ಇದೆಲ್ಲ ನನಗೆ ಹನ್ನೆರಡು ವರ್ಷದ ದಾರಿಯಲ್ಲಿ ಕಂತು ಕಂತಾಗಿ ತಿಳಿದದ್ದು.

ಇನ್ನು ನನ್ನ ಕಾಯಿಲೆಯ ಬಗ್ಗೆ ಹೇಳಬೇಕು. ಗಲ್ಫಿಗೆ ಬಂದ ಕರಾವಳಿಯವರಿಗೆಲ್ಲ ಇದು ಸ್ವಲ್ಪ ಸ್ವಲ್ಪ ಇರುತ್ತದೆ, ನನಗೆ ಉಲ್ಬಣಿಸಿದೆ. ಕಂಡದ್ದರಲ್ಲೆಲ್ಲ ನಮ್ಮೂರು ಕಾಣುವುದು. ಅಲ್ ಮುರಕ್ಕಬಾತ್‌ನ ಹೋಟೆಲಿನಲ್ಲಿ ಒಂದು ಗುಟುಕು ಸಾರು ಕುಡಿದು ಅಡುಗೆಯವರು ಯಾವ ತಾಲೂಕು ಎಂದು ಘೋಷಿಸುವವ ನಾನು. ಒಮ್ಮೆ ನೇಪಾಳದವರನ್ನು ಬ್ರಹ್ಮಾವರದವರು ಎಂದಿದ್ದೆ; ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡ್ರೈವರ್ ನೀರಿನ ಡಬ್ಬಿ ಹೊತ್ತು ತಂದಾಗ ಕೀ ಕೇಳಿ ಇಸಿದುಕೊಂಡೆ. ಅವರ ತಂದೆಯ ಸೀಸವನ್ನು ತಟ್ಟೆಯ ಪಕ್ಕ ಹಿಡಿದೆ. ಮೂರು ಗೀರು, ಓರೆ ತೂತು. ಅಳೆಯಲಿಲ್ಲ. ತೂಗಲಿಲ್ಲ. ಪುಸ್ತಕದಲ್ಲಿ ಒಂದು ಅಂಕಿಯೂ ಬಿದ್ದಿರಲಿಲ್ಲ. ಆದರೂ ಬಾಯಿ ಬಿಟ್ಟೆ.

“ಬ್ಯಾರಿಗಳೇ, ಇದು ನಮ್ಮೂರ ಕೈ. ಸಂಶಯ ಇಲ್ಲ.”

ಅವರು ತುಂಬ ಹೊತ್ತು ತಟ್ಟೆ ನೋಡಿದರು. “ನಿಜವಾ ಮಾಷ್ಟ್ರೇ?” ಎಂದರು.

“ನಾನು ಸುಮ್ಮನೆ ಹೇಳುವವನಾ?” ಎಂದೆ.

ಮೇಡಂ ಹತ್ತಿರದಲ್ಲೇ ಇದ್ದರು. ನಾನು ಅವರಿಗೂ ಅದನ್ನೇ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ನಿವೇದಿಸಿದೆ. ಅವರು ಹುಬ್ಬೇರಿಸಿ, ಹಾಗಾದರೆ ನಿಮ್ಮ ಕರಾವಳಿಯ ತೂಕಗಳಿಗೂ ಇವುಗಳಿಗೂ ಹೋಲಿಸಿ ಒಂದು ಪುಟದ ಅಭಿಪ್ರಾಯ ಬರೆದುಕೊಡಿ, ವರದಿಗೆ ಸೇರಿಸುತ್ತೇನೆ ಎಂದರು. ಆ ಸಂಜೆ ಡ್ರೈವರ್ ಪಿಕಪ್ಪನ್ನು ಎಂದಿಗಿಂತ ನಿಧಾನವಾಗಿ ಓಡಿಸಿದರು. ಸಂತೋಷಕ್ಕೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಯಾರ್ಡಿನಲ್ಲಿ ಡ್ರೈವರ್ ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಒಂದು ಪೊಟ್ಟಣ ಖರ್ಜೂರ. ಕೆಲಸದವರಿಗೆಲ್ಲ ಹಂಚಿ ನನಗೂ ಕೊಟ್ಟರು.

“ನಿನ್ನೆ ಜುಮಾ ಆದ ಮೇಲೆ ಊರಲ್ಲಿ ಬಾಪನ ಹೆಸರಲ್ಲಿ ನಮಾಝ್ ಮಾಡಿಸಿದರು,” ಎಂದರು. “ಉಮ್ಮ ಒಪ್ಪಿದರು. ನಾನು ಇಲ್ಲಿ ನಿಂತು ಮಾಡಿದೆ.”

ಆಮೇಲೆ ದಾರಿಯಲ್ಲಿ ವಿವರ ಹೇಳಿದರು. ಬಾಪನದ್ದರಂಥದೇ ಸೀಸ ಇಲ್ಲಿ ಸಿಕ್ಕಿದೆ, ನಮ್ಮೂರ ಕೈಯದೇ ಎಂದು ಮಾಷ್ಟ್ರು ಹೇಳಿದರು ಎಂದು ಬುಧವಾರವೇ ಫೋನು ಮಾಡಿದ್ದರಂತೆ. ಉಮ್ಮ, ಆ ಮಾಷ್ಟ್ರು ಎರಡು ಸಲ ಅಳೆಯುವವರಲ್ಲವಾ ಎಂದು ಕೇಳಿದರಂತೆ. ಹೌದು ಎಂದರಂತೆ ಇವರು. ಹಾಗಾದರೆ ದಡ ಹತ್ತಿದ್ದಾರೆ ಎಂದರಂತೆ ಉಮ್ಮ. ದಡ ಹತ್ತಿಯೂ ಒಂದು ಕಾಗದ ಹಾಕಲಿಲ್ಲವೆಂದರೆ ಜೀವ ಇಲ್ಲವೆಂದೇ ಅರ್ಥ. ನೀರಿಗೆ ಹೋಗಲಿಲ್ಲ, ಮಣ್ಣಿಗೆ ಹೋಗಿದ್ದಾರೆ. ಅಷ್ಟು ಹೇಳಿ ಕಿವಿಯ ಓಲೆ ತೆಗೆಸಿಕೊಂಡರಂತೆ. ಇದ್ದತ್ತಿನ ಕಾಲ ಎಂದೋ ಮುಗಿದಿದೆ, ಈಗ ಕೂರುವ ಅಗತ್ಯ ಇಲ್ಲ ಎಂದು ಉಸ್ತಾದರು ಹೇಳಿದರೂ ಕೇಳಲಿಲ್ಲ. ನಾಲ್ಕು ತಿಂಗಳು ಹತ್ತು ದಿನ ಕೂತೇ ಕೂರುತ್ತೇನೆ ಎಂದು ಬಿಳಿ ಉಟ್ಟು ಕೋಣೆ ಸೇರಿದ್ದಾರೆ.

ಖರ್ಜೂರ ನನ್ನ ಕೈಯಲ್ಲೇ ಉಳಿಯಿತು. ಎರಡು ಸಲ ಅಳೆಯುವ ಆ ಪ್ರಸಿದ್ಧ ಮಾಷ್ಟ್ರು ಒಂದು ಸಲವೂ ಅಳೆದಿರಲಿಲ್ಲ.

ಆ ದಿನವೇ ಕೂತು ಅಳೆದೆ. ಗುಂಡುಗಳ ದಪ್ಪ ಎಲ್ಲದಕ್ಕೂ ಒಂದೇ, ಹನ್ನೊಂದು ಮಿಲಿಮೀಟರಿಗೆ ತುಸು ಮೇಲೆ. ತೂಕ ಇಪ್ಪತ್ತೇಳರಿಂದ ಇಪ್ಪತ್ತೊಂಬತ್ತು ಗ್ರಾಂ. ಬುಡದಲ್ಲಿ ಬೆರಳಿನ ಗುರುತಿನಂಥ ತಗ್ಗು. ಹಾರಿದ ಗುಂಡಾದರೆ ಮೈಮೇಲೆ ನಳಿಗೆಯ ತಿರುಚು ಗೆರೆಗಳು ಇರಬೇಕು, ಮೂತಿ ಚಪ್ಪಟೆಯಾಗಿರಬೇಕು. ಇವಕ್ಕೆ ಎರಡೂ ಇರಲಿಲ್ಲ. ಮೇಡಂ ಹಳೆಯ ಗುಂಡುಗಳ ಒಂದು ಕೋಷ್ಟಕ ನೋಡಿ ಹೇಳಿದರು: ಈ ಕಡಲತೀರದ ಬುಡಕಟ್ಟಿನವರ ಕೈಯಲ್ಲಿ ಒಂದು ಕಾಲಕ್ಕೆ ತುಂಬಾ ಇದ್ದ, ಒಂದೊಂದೇ ತೋಟೆ ಹಾಕಿ ಹಾರಿಸುವ ಹಳೆಯ ಇಂಗ್ಲಿಷ್ ಬಂದೂಕಿನ ಗುಂಡು, ಇಡಿಯಾಗಿದ್ದರೆ ಮೂವತ್ತೊಂದು ಗ್ರಾಂ. ಹಾರಿಸದೆ ತೋಟೆಯಿಂದ ಬಿಚ್ಚಿ ತೆಗೆದು ಕೆತ್ತಿದ್ದಾರೆ, ಕೆತ್ತಿದಷ್ಟು ತೂಕ ಇಳಿದಿದೆ. ಇಲ್ಲಿಯವರೆಗೆ ನನ್ನ ಮಾತಿಗೆ ಧಕ್ಕೆ ಇರಲಿಲ್ಲ. ದಡ ಹತ್ತಿದ ಒಬ್ಬ ಮನುಷ್ಯನಿಗೆ ಇಲ್ಲಿಯ ಸೀಸವೇ ಸಿಗಬೇಕಷ್ಟೆ.

ಭಾನುವಾರ ರಜೆ. ಕೀಗೊಂಚಲಿನ ಸೀಸವನ್ನು ಡ್ರೈವರರಿಂದ ಕೇಳಿ ಪಡೆದು ನೈಫ್ ಪೇಟೆಗೆ ಹೋದೆ. ಅಲ್ಲಿಯ ಒಂದು ಓಣಿಯಲ್ಲಿ ನಮ್ಮ ಉಡುಪಿ ಕಡೆಯ ಆಚಾರರೊಬ್ಬರು ಬಂಗಾರದ ರಿಪೇರಿಗೆ ಕೂರುತ್ತಾರೆ. ಸೀಸ ನೋಡಿ ಅವರು, ಇಷ್ಟು ವರ್ಷ ಗಲ್ಫಿನಲ್ಲಿದ್ದು ಉಳಿಸಿದ್ದು ಇದೇನಾ ಎಂದು ವಿಚಾರಿಸಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮೇಲೆ ಮಾತ್ರ ತಮಾಷೆ ನಿಲ್ಲಿಸಿದರು. ಇದು ಎರಕ ಹೊಯ್ದದ್ದು, ಬದಿಯಲ್ಲಿ ಅಚ್ಚಿನ ಏಣು ಉಂಟು ಎಂದರು. ಆಮೇಲೆ ಗೀರುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಚೂರಿ ಹೊಕ್ಕ ಕಡೆ ಗೀರು ಆಳ ಇರುತ್ತದೆ, ಬಿಟ್ಟ ಕಡೆ ತೆಳುವಾಗಿ ಸಣ್ಣ ಮುಳ್ಳು ಏಳುತ್ತದೆ; ಕೊಯ್ಯುವ ಕೈ ಬದಲಾದರೆ ಈ ದಿಕ್ಕೂ ಬದಲಾಗುತ್ತದೆ. ತೂತನ್ನು ಕೆಳಗೆ ಮಾಡಿ ಹಿಡಿದು ನನಗೂ ತೋರಿಸಿದರು.

“ಇದು ಎಡಗೈಯವರು ಕೊಯ್ದದ್ದು,” ಎಂದರು. “ನಮ್ಮ ಅಪ್ಪನೂ ಎಡಗೈಯವರೇ, ಅವರ ಕೆಲಸ ನಾನು ಕಣ್ಣು ಮುಚ್ಚಿ ಹೇಳ್ತೇನೆ.”

ಹೊರಗೆ ಬಂದು ಡ್ರೈವರರಿಗೆ ಫೋನು ಮಾಡಿದೆ. ನಿಮ್ಮ ಬಾಪ ಎಡಗೈಯವರಾ ಎಂದು ಮಾತ್ರ ಕೇಳಿದೆ. ಹೌದಂತೆ, ಉಣ್ಣುವುದು ಮಾತ್ರ ಬಲಗೈಯಲ್ಲಂತೆ, ಉಮ್ಮ ಹೇಳುತ್ತಿರುತ್ತಾರಂತೆ. ನಿಮಗೆ ಹೇಗೆ ಗೊತ್ತಾಯಿತು ಮಾಷ್ಟ್ರೇ ಎಂದು ಅವರು ಕೇಳಿದ ದನಿಯಲ್ಲಿ ಎಷ್ಟು ಭಕ್ತಿ ಇತ್ತೆಂದರೆ, ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಫೋನಿಟ್ಟೆ.

ಸೋಮವಾರ ಮೇಡಂ ಹತ್ತಿರ ಭೂತಗನ್ನಡಿ ಬೇಡಿ ತಟ್ಟೆಯ ಮುಂದೆ ಕೂತೆ. ಒಂದೊಂದನ್ನೂ ತೂತು ಕೆಳಗೆ ಮಾಡಿ ಹಿಡಿದು ನೋಡಿದೆ. ಎಂಟೂ ಬಲಗೈಯವು. ಮಧ್ಯಾಹ್ನದವರೆಗೆ ಇನ್ನೊಂದು ಸಲ ನೋಡಿದೆ. ಎಂಟೂ ಬಲಗೈಯವೇ.

ಆದರೂ ಉಳಿದ ಪಟ್ಟಿಗಳಿದ್ದವಲ್ಲ. ಏನೂ ಸಿಕ್ಕದಿರಲೆಂದೇ ಪ್ರಾರ್ಥಿಸಿಕೊಂಡು ಮೂವತ್ತು ವರ್ಷ ಯಂತ್ರ ಬೀಸಿದವನು ಅಂದು ಮೊದಲ ಬಾರಿಗೆ ಒಂದು ಎಡಗೈ ಗುಂಡಿಗಾಗಿ ಬೀಸಿದೆ. ಮೂರು ಸಿಕ್ಕವು. ಹವಳದ ಕಲ್ಲಿನ ಒಂದು ಹಳೆಯ ಮನೆಯ ಗಾರೆ ನೆಲದ ಅಡಿಯಲ್ಲಿ. ಮೇಡಂ ಗಾರೆಯ ಅಂಚನ್ನು ಕರಣೆಯ ಮೊನೆಯಿಂದ ಬಿಡಿಸಿ ತೋರಿಸಿದರು: ಎಲ್ಲೂ ಒಡೆದಿಲ್ಲ, ತೇಪೆ ಹಾಕಿಲ್ಲ. ಅಂದರೆ ಗುಂಡು ಮೊದಲು, ನೆಲ ಆಮೇಲೆ. ಆ ಮನೆಯಾದರೋ ಯಾವ ಲಾಂಚೂ ಬರುವುದಕ್ಕಿಂತ ಎಷ್ಟೋ ಮೊದಲೇ ಪಾಳುಬಿದ್ದದ್ದು. ಆ ಮೂರೂ ಬಲಗೈಯವು.

ಮರುದಿನ ಮೇಡಂ ಈ ದಂಡೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕರನ್ನು ಕರೆತಂದರು. ಹಳೆಯ ಬೊಂಬಾಯಿ ಹಿಂದಿ ಬಲ್ಲವರು. ಕುರ್ಚಿಯಲ್ಲಿ ಕೂತು ತಟ್ಟೆ ನೋಡಿದ್ದೇ, ಮೊಮ್ಮಗುವಿನ ಹಲ್ಲು ಕಂಡ ಹಾಗೆ ನಕ್ಕರು. ಮದ್ದು ಒದ್ದೆಯಾದ ತೋಟೆಯನ್ನು ಬಿಸಾಡುತ್ತಿರಲಿಲ್ಲ, ಸೀಸ ಬಿಚ್ಚಿ ಗಾಳಕ್ಕೆ ಕಟ್ಟುತ್ತಿದ್ದರು, ಅಜ್ಜನ ಬಳಿ ಇಂಥವು ಒಂದು ಡಬ್ಬಿ ತುಂಬ ಇದ್ದವು ಎಂದರು. ಮೂರು ಗೀರು ಏಕೆ ಎಂದು ನಾನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಒಂದು ಗೀರಿಗೆ ಹುರಿ ಜಾರುತ್ತದೆ. ಎರಡಕ್ಕೂ ಜಾರುತ್ತದೆ. ಮೂರಕ್ಕೆ ನಿಲ್ಲುತ್ತದೆ. ನಿಮ್ಮ ಸಮುದ್ರದಲ್ಲಿ ಬೇರೆಯಾ?”

ಬೇರೆಯಲ್ಲ. ನಮ್ಮೂರ ಕೈ ಎಂದು ನಾನು ಘೋಷಿಸಿದ್ದು ಹುರಿ ಜಾರದಿರಲೆಂದು ಎಲ್ಲ ಮೀನುಗಾರರೂ ಮಾಡುವ ಕೆಲಸವನ್ನು.

ಉಳಿದದ್ದು ಆ ಒಂದು ಪುಟದ ಅಭಿಪ್ರಾಯ. ಮೇಡಂ ಬುಧವಾರದವರೆಗೆ ಸಮಯ ಕೊಟ್ಟಿದ್ದರು. ಹೋಲಿಕೆ ಇದೆ, ಖಚಿತವಾಗಿ ಹೇಳಲಾಗದು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಯಾರ ಕಟ್ಟಡವೂ ಬೀಳುತ್ತಿರಲಿಲ್ಲ. ಆ ವಾಕ್ಯವನ್ನು ಬರೆದೆ ಕೂಡ, ಅಕ್ಷರ ಬಹಳ ಚೆನ್ನಾಗಿ ಬಂದಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಹಾಳೆ ಹರಿದೆ. ಬೇರೆ ಹಾಳೆಯಲ್ಲಿ ಹೀಗೆ ಬರೆದೆ: ಹನ್ನೊಂದೂ ಹಾರಿಸದ ಬಂದೂಕು ಗುಂಡುಗಳು, ಗಾಳದ ತೂಕಕ್ಕಾಗಿ ಬಲಗೈಯವರು ಕೆತ್ತಿದವು, ಮೂರು ಗಾರೆ ನೆಲಕ್ಕಿಂತ ಹಿಂದಿನವು, ಉಳಿದವೂ ಅದೇ ಬಗೆಯವು, ನಮ್ಮ ಕರಾವಳಿಯಿಂದ ಬಂದ ಯಾರದೇ ಕೈ ಇವುಗಳಲ್ಲಿ ಇದೆ ಎನ್ನಲು ಆಧಾರ ಇಲ್ಲ. ಸಹಿ ಹಾಕಿದೆ. ಒಂದು ಪ್ರತಿಯನ್ನು ಮೇಡಂಗೆ ಕೊಟ್ಟು ಇನ್ನೊಂದನ್ನು ಇಟ್ಟುಕೊಂಡೆ.

ಸಂಜೆ ಯಾರ್ಡಿಗೆ ವಾಪಸಾದ ಮೇಲೆ, ಪಿಕಪ್ಪಿನಿಂದ ಇಳಿಯುವ ಮೊದಲು, ಅದನ್ನು ಡ್ರೈವರರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಕೇಳಿದರು. ಎಡಗೈ ವಿಷಯಕ್ಕೆ ಬಂದಾಗ ಕೀಗೊಂಚಲನ್ನು ಮುಷ್ಟಿಯಲ್ಲಿ ಹಿಡಿದರು. ನಾನು ನಿಲ್ಲಿಸಿದಾಗ ಅವರು ಸಿಟ್ಟಾದರೆ ಸಾಕೆಂದು ಕಾದೆ. ಆಗಲಿಲ್ಲ.

“ಬರೆದದ್ದು ಸರಿ,” ಎಂದರು. “ಆ ದಿನ ಹೇಳಿದ್ದು ಎಂತಕ್ಕೆ ಮಾಷ್ಟ್ರೇ?”

ನಾನು ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಅವರೇ ಮತ್ತೆ, ಉಮ್ಮನಿಗೆ ಯಾರು ಹೇಳುವುದು ಎಂದರು. ಹೇಳಿ ಕೆಡಿಸಿದವನು ನಾನು, ಹೇಳುವುದೂ ನಾನೇ ಎಂದೆ. ಅವರು ಯೋಚಿಸಿ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ತಾವು ಇಳಿದುಹೋಗಿ ಟಯರಿನ ಗಾಳಿ ನೋಡುತ್ತ ನಿಂತರು.

ಉಮ್ಮ ನನ್ನೊಡನೆ ತುಳುವಿನಲ್ಲಿ ಮಾತಾಡಿದರು. ದನಿ ಸಣ್ಣದು, ಆದರೆ ಗಟ್ಟಿ. ನಾನು ಯಾರೆಂದು ತಿಳಿದದ್ದೇ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ನನ್ನ ಮಕ್ಕಳಿಗೆ, ಅವರ ಮಕ್ಕಳಿಗೆ ಒಳ್ಳೆಯದಾಗಲೆಂದು ಹರಸಿದರು. ನಾನು, ಉಮ್ಮ, ಆ ಸೀಸದ ವಿಷಯ ಸ್ವಲ್ಪ ಹೇಳಲಿಕ್ಕಿತ್ತು ಎಂದೆ.

“ಗೊತ್ತುಂಟು ಮಗ, ಅವ ಎಲ್ಲ ಹೇಳಿದ,” ಎಂದರು. “ಗಾಳ ಹಾಕ್ತಿದ್ದರಲ್ಲ ಅಲ್ಲಿ. ಹಾಗಾದರೆ ಮೀನು ಹಿಡಿದು ತಿಂದಿದ್ದಾರೆ. ಹಸಿದು ಹೋಗಲಿಲ್ಲ. ನನಗೆ ಅದೊಂದೇ ಇದ್ದದ್ದು, ಹಸಿವಲ್ಲಿ ಹೋದರಾ ಅಂತ.”

ಜೇಬಿನಲ್ಲಿದ್ದ ಹಾಳೆ ಕೈಗೆ ತಾಗುತ್ತಿತ್ತು. ಗಾಜಿನ ಆಚೆ ಅವರ ಮಗ ಗಾಳಿ ಸರಿಯಾಗಿಯೇ ಇದ್ದ ಟಯರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು.

“ಹೌದು ಉಮ್ಮ,” ಎಂದೆ.

“ಅಲ್ಲಿ ಎಂತ ಮೀನು ಸಿಗ್ತದೆ?”

“ಹಮೂರ್ ಅಂತ ಒಂದುಂಟು. ದೊಡ್ಡದು.”

“ಮುಳ್ಳು ಜಾಸ್ತಿಯಾ? ಮೀನು ಹಿಡಿಯುವವರೇ ಆದರೂ ಅವರಿಗೆ ಮುಳ್ಳು ತೆಗೆಯಲಿಕ್ಕೆ ಬರ್ತಿರಲಿಲ್ಲ. ನಾನೇ ತೆಗೆದು ಕೊಡಬೇಕಿತ್ತು.”

“ಮುಳ್ಳು ಕಮ್ಮಿ ಉಮ್ಮ,” ಎಂದೆ. ಆ ದಿನ ಆ ಫೋನಿನಲ್ಲಿ ನಾನು ಹೇಳಿದ ಪೂರ್ತಿ ನಿಜ ಆ ಮೀನಿನ ವಿಷಯ ಒಂದೇ.